ಗೆನ್‌ಮೈಚಾ: ಹುರಿದ ಅಕ್ಕಿ ಬೆರೆತ ಜಪಾನಿ ಹಸಿರು ಚಹಾವನ್ನು ಹದವಾಗಿ ಬಸಿಯುವ ಸಮಗ್ರ ಮಾರ್ಗದರ್ಶಿ

ಗೆನ್‌ಮೈಚಾ ಪೊಟ್ಟಣ ಮನೆಗೆ ತಂದವರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಎರಡೇ. ಕೆಲವರಿಗೆ ಅದು ನಾಲಿಗೆ ಎಳೆದುಕೊಳ್ಳುವಷ್ಟು ಒಗರು. ಇನ್ನು ಕೆಲವರಿಗೆ ಬರೀ ಬಿಸಿನೀರು ಕುಡಿದಷ್ಟು ಸಪ್ಪೆ, ಪೊಟ್ಟಣ ತೆರೆದಾಗ ಮೂಗಿಗೆ ಬಡಿದ ಹುರಿದ ಅಕ್ಕಿಯ ಘಮ ಬಟ್ಟಲಿನಲ್ಲಿ ಕಾಣೆ. ಹೆಚ್ಚಿನ ಸಲ ಇದರಲ್ಲಿ ಚಹಾದ ದೋಷವೇನೂ ಇರುವುದಿಲ್ಲ. ಹಾಲು ಹಾಕಿ ಕುದಿಸುವ ಚಹಾದ ಕ್ರಮದಲ್ಲೋ, ದುಬಾರಿ ಹಸಿರು ಚಹಾಕ್ಕೆ ಹೇಳಿದ ಕ್ರಮದಲ್ಲೋ ಇದನ್ನು ಮಾಡಿರುತ್ತಾರೆ. ಎರಡೂ ಇದಕ್ಕೆ ಒಗ್ಗುವುದಿಲ್ಲ.

## ಮೊದಲು ತಿಳಿದಿರಬೇಕಾದ ಒಂದು ವಿಷಯ

ಈ ಪೊಟ್ಟಣದಲ್ಲಿ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಅರ್ಧ ಚಹಾ ಎಲೆ, ಅರ್ಧ ಹುರಿದ ಅಕ್ಕಿ ಇರುತ್ತದೆ. ಅಕ್ಕಿಯ ಘಮ ಹೊರಗೆ ಬರಬೇಕಾದರೆ ನೀರು ಚೆನ್ನಾಗಿ ಕಾದಿರಬೇಕು. ಆದರೆ ಎಲೆಯ ಕಹಿಗೂ ಒಗರಿಗೂ ಕಾರಣವಾದ ಕ್ಯಾಟೆಚಿನ್‌ಗಳು ಹೆಚ್ಚು ಇಳಿಯುವುದು ಕೂಡ ಅದೇ ಕಾದ ನೀರಿಗೆ. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಅತಿಯಾಗುತ್ತದೆ.

‘ಹಸಿರು ಚಹಾಕ್ಕೆ 70 ಡಿಗ್ರಿಗಿಂತ ಹೆಚ್ಚು ಬಿಸಿ ಬೇಡ’ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ. ಸೆಂಚಾ, ನೆರಳಿನಲ್ಲಿ ಬೆಳೆಸಿದ ಗ್ಯೊಕುರೋ ಎಂಬ ಒಳ್ಳೆಯ ಜಪಾನಿ ಹಸಿರು ಚಹಾಗಳಿಗೆ ಆ ಮಾತು ಸರಿ. ಗೆನ್‌ಮೈಚಾಕ್ಕೆ ಅದನ್ನೇ ಅನ್ವಯಿಸಿದರೆ ಅಕ್ಕಿ ಮಾತನಾಡುವುದೇ ಇಲ್ಲ. ಆದ್ದರಿಂದ ಬಿಸಿಯನ್ನು ಅಕ್ಕಿಗೆ ಬಿಟ್ಟುಕೊಡಿ, ಎಲೆಯನ್ನು ಸಮಯದಿಂದ ಹತೋಟಿಯಲ್ಲಿಡಿ. ನೀರು ಬಿಸಿಯಾಗಿರಲಿ, ನೆನೆಯುವ ಹೊತ್ತು ತೀರ ಕಡಿಮೆ ಇರಲಿ, ಬಸಿದ ಮೇಲೆ ಎಲೆಯ ಜೊತೆ ನೀರು ಉಳಿಯದಿರಲಿ. ಮುಂದಿನ ಹಂತಗಳೆಲ್ಲ ಇದರ ವಿವರ ಅಷ್ಟೆ.

## ಬೇಕಾಗುವ ಸಾಮಾನು

ಜಪಾನಿನಲ್ಲಿ ಇದಕ್ಕೆ ಕ್ಯೂಸು ಎಂಬ ಸಣ್ಣ ಚಹಾ ಪಾತ್ರೆಯನ್ನು ಬಳಸುತ್ತಾರೆ. ಅದರ ಹಿಡಿ ಸಾಮಾನ್ಯವಾಗಿ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಮೂತಿಯ ಒಳಭಾಗದಲ್ಲಿ ಜರಡಿ ಇರುತ್ತದೆ. ಐಚಿ ಪ್ರಾಂತದ ತೊಕೊನಾಮೆ ಊರಿನ ಕೆಂಪು ಮಣ್ಣಿನ ಕ್ಯೂಸುಗಳು ಹೆಸರುವಾಸಿ. ಮನೆಮಂದಿಗೆಲ್ಲ ಒಟ್ಟಿಗೆ ಮಾಡುವಾಗ, ಮೇಲುಗಡೆ ಕಮಾನಿನಂಥ ಹಿಡಿ ಇರುವ ದೊಬಿನ್ ಎಂಬ ದೊಡ್ಡ ಪಾತ್ರೆ ಬರುತ್ತದೆ. ಇವೆರಡೂ ಇಲ್ಲದಿದ್ದರೆ ಚಿಂತೆಯಿಲ್ಲ. ಮುಚ್ಚಳವಿರುವ ಸಣ್ಣ ಸ್ಟೀಲ್ ಪಾತ್ರೆ, ಸೂಕ್ಷ್ಮ ಜಾಲರಿಯ ಸೋಸುಕ, ಬಸಿದದ್ದನ್ನು ಹಿಡಿಯಲು ಇನ್ನೊಂದು ಪಾತ್ರೆ ಇದ್ದರೆ ಸಾಕು.

ಒಂದು ಅಡುಗೆ ತಕ್ಕಡಿ ಇರಲಿ. ಉಷ್ಣಮಾಪಕ ಬೇಕಿಲ್ಲ, ತಕ್ಕಡಿ ಬೇಕು. ಸೆಕೆಂಡುಗಳ ಲೆಕ್ಕಕ್ಕೆ ಮೊಬೈಲ್ ಇದ್ದೇ ಇದೆ.

ಬೇಡವಾದ ಸಾಮಾನನ್ನೂ ಹೇಳಿಬಿಡುತ್ತೇನೆ. ಸರಪಣಿಗೆ ಕಟ್ಟಿ ಬಟ್ಟಲಿಗೆ ಇಳಿಬಿಡುವ ಗುಂಡನೆಯ ತೂತಿನ ಡಬ್ಬಿ ಇದಕ್ಕೆ ಆಗದು. ಅಕ್ಕಿ ನೆಂದು ಉಬ್ಬುತ್ತದೆ, ಎಲೆ ಬಿಚ್ಚಿಕೊಳ್ಳುತ್ತದೆ, ಒಳಗೆ ಜಾಗ ಸಾಲದೆ ಮಧ್ಯದ ಎಲೆ ಒಣಗಿಯೇ ಉಳಿಯುತ್ತದೆ. ಏಲಕ್ಕಿ, ಶುಂಠಿ ಹಾಕಿ ಚಹಾ ಮಾಡುವ ಪಾತ್ರೆಯನ್ನೂ ದೂರವಿಡಿ. ಎಷ್ಟು ಉಜ್ಜಿದರೂ ಮಸಾಲೆಯ ವಾಸನೆ ಸ್ಟೀಲಿನ ಅಂಚಿನಲ್ಲಿ, ಸೋಸುಕದ ಜಾಲರಿಯಲ್ಲಿ ಕುಳಿತಿರುತ್ತದೆ. ಇದಕ್ಕೆಂದೇ ಒಂದು ಸೋಸುಕ ಎತ್ತಿಡಿ.

## ಹಂತ 1: ಕೈಯಲ್ಲಿರುವುದು ಯಾವ ಬಗೆ ಎಂದು ಗುರುತಿಸಿ

ನೀರಿನ ಬಿಸಿ, ನೆನೆಸುವ ಹೊತ್ತು ಎರಡೂ ಎಲೆಯ ಬಗೆಯನ್ನು ಅವಲಂಬಿಸಿವೆ. ಪೊಟ್ಟಣದಿಂದ ಒಂದು ಚಮಚವನ್ನು ಬಿಳಿ ತಟ್ಟೆಯ ಮೇಲೆ ಸುರಿದು ನೋಡಿ.

ಎಲೆ ದೊಡ್ಡದಾಗಿ, ಚಪ್ಪಟೆಯಾಗಿ, ಹಳದಿ ಬೆರೆತ ಹಸಿರಿದ್ದು ನಡುವೆ ಕಡ್ಡಿಗಳು ಕಂಡರೆ ಅದು ಬಾಂಚಾ, ಅಂದರೆ ಸುಗ್ಗಿಯ ಕೊನೆಯ ಭಾಗದಲ್ಲಿ ಕೊಯ್ದ ಬಲಿತ ಎಲೆ. ಇದರಲ್ಲಿ ಕಹಿ ಕಡಿಮೆ, ಕುದಿ ನೀರನ್ನೂ ತಡೆಯುತ್ತದೆ. ಮೊದಲ ಸಲ ಮಾಡುವವರು ಇದನ್ನೇ ಕೊಳ್ಳಿ. ಎಲೆ ಸೂಜಿಯಂತೆ ಸಪೂರವಾಗಿ ಸುರುಳಿಗೊಂಡು ಕಡುಹಸಿರಾಗಿದ್ದರೆ ಸೆಂಚಾ. ರುಚಿ ಗಾಢ, ಆದರೆ ಸ್ವಲ್ಪ ಎಚ್ಚರ ತಪ್ಪಿದರೂ ಒಗರು. ಇನ್ನು ಅಕ್ಕಿಕಾಳುಗಳ ಮೇಲೆಲ್ಲ ಹಸಿರು ಪುಡಿ ಮೆತ್ತಿಕೊಂಡು, ಬೆರಳಿಗೂ ಹತ್ತಿದರೆ ಅದು ಮಾಚಾ, ಅಂದರೆ ನುಣ್ಣಗೆ ಪುಡಿ ಮಾಡಿದ ಹಸಿರು ಚಹಾ ಎಲೆ, ಬೆರೆಸಿದ ಬಗೆ.

ಅಕ್ಕಿಯನ್ನೂ ನೋಡಿ. ಕಂದು ಕಾಳುಗಳ ನಡುವೆ ಅಲ್ಲಲ್ಲಿ ಬಿಳಿಯಾಗಿ ಅರಳಿದ ಕಾಳುಗಳಿರುತ್ತವೆ. ಅರಳು ಹೆಚ್ಚಿದ್ದರೆ ಒಳ್ಳೆಯ ಮಾಲು ಎಂದುಕೊಳ್ಳುವವರಿದ್ದಾರೆ. ಘಮ ಕೊಡುವುದು ಹದವಾಗಿ ಹುರಿದ ಕಂದು ಕಾಳು, ಅರಳು ನೋಡಲು ಚೆಂದ ಅಷ್ಟೆ. ಕಾಳಿನ ಬಣ್ಣ ಒಂದೇ ಸಮನಾಗಿದೆಯೇ, ಕಪ್ಪಗೆ ಸೀದ ಕಾಳು ಇಲ್ಲವೇ ಎಂದು ಗಮನಿಸಿ. ಮೂಗಿಗೆ ಹಿಡಿದಾಗ ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಆ ಪೊಟ್ಟಣ ಕೆಟ್ಟಿದೆ. ಅಕ್ಕಿಯ ತೌಡಿನಲ್ಲಿರುವ ಎಣ್ಣೆ ಗಾಳಿಗೆ ಹಳಸುವುದರಿಂದ ಹೀಗಾಗುತ್ತದೆ, ಮುಂದೆ ಯಾವ ಹಂತದಲ್ಲೂ ಅದನ್ನು ಸರಿಪಡಿಸಲಾಗದು.

## ಹಂತ 2: ನೀರು

ಜಪಾನಿನ ಬಹುಪಾಲು ಊರುಗಳಲ್ಲಿ ನಲ್ಲಿ ನೀರು ಮೃದು. ಈ ಚಹಾ ಬೆಳೆದದ್ದು ಆ ನೀರಿನ ಜೊತೆ. ಬೆಂಗಳೂರಿನ ಕೊಳವೆಬಾವಿ ನೀರಿನಲ್ಲಿ, ಬಯಲುಸೀಮೆಯ ಗಡಸು ನೀರಿನಲ್ಲಿ ಮಾಡಿದರೆ ಬಣ್ಣ ಮಂಕಾಗುತ್ತದೆ, ಮೇಲೆ ತೆಳುವಾದ ಕೆನೆಯಂಥ ಪದರ ಕಟ್ಟುತ್ತದೆ, ಘಮ ಅಡಗಿಹೋಗುತ್ತದೆ. ಕೆಟಲಿನ ತಳದಲ್ಲಿ ಬಿಳಿ ಗಾರು ಕಟ್ಟುತ್ತಿದ್ದರೆ ನಿಮ್ಮ ನೀರು ಗಡಸು ಎಂದೇ ಅರ್ಥ. ಗಡಸುತನ ತೆಗೆಯುವ ಆರ್‌ಒ ಶುದ್ಧೀಕರಣ ಯಂತ್ರದ ನೀರು ಬಳಸಿ. ಕ್ಲೋರಿನ್ ವಾಸನೆಯ ನಲ್ಲಿ ನೀರಾದರೆ ಮುಚ್ಚಳ ತೆಗೆದು ಒಂದೆರಡು ನಿಮಿಷ ಕುದಿಯಲು ಬಿಡಿ.

ಬಿಸಿ ಎಷ್ಟಿರಬೇಕು? ಬಾಂಚಾ ಬಗೆಗೆ 95 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ಸೆಂಚಾ ಬಗೆಗೂ ಮಾಚಾ ಬೆರೆತದ್ದಕ್ಕೂ 80ರಿಂದ 85. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಅಲ್ಲಿಯವರು ಬಾಂಚಾ ಬಗೆಗೆ ನೀರನ್ನು ಆರಿಸುವ ಗೋಜಿಗೆ ಹೋಗಬೇಕಿಲ್ಲ, ಕುದಿ ಬಂದ ಕೂಡಲೇ ಹಾಕಬಹುದು. ಮಂಗಳೂರಿನಲ್ಲಿರುವವರು ಒಲೆ ಆರಿಸಿ ಕುದಿತ ನಿಂತ ಮೇಲೆ ಹಾಕಲಿ.

85 ಡಿಗ್ರಿಗೆ ಇಳಿಸಲು ಜಪಾನಿಗಳ ಉಪಾಯ ಸರಳ. ಕುದಿ ನೀರನ್ನು ಮೊದಲು ಕುಡಿಯುವ ಬಟ್ಟಲುಗಳಿಗೆ ಸುರಿಯುತ್ತಾರೆ. ಒಂದು ಪಾತ್ರೆಯಿಂದ ಇನ್ನೊಂದು ತಣ್ಣನೆಯ ಪಾತ್ರೆಗೆ ಹೋಗುವಾಗ ನೀರು ಸುಮಾರು 10 ಡಿಗ್ರಿ ಇಳಿಯುತ್ತದೆ. ಬಟ್ಟಲೂ ಬಿಸಿಯಾಗುತ್ತದೆ, ನೀರಿನ ಅಳತೆಯೂ ಆಗುತ್ತದೆ.

## ಹಂತ 3: ಅಳತೆ

1. ಪೊಟ್ಟಣವನ್ನು ಅಲುಗಾಡಿಸಿ. ಸಾಗಣೆಯಲ್ಲಿ, ಡಬ್ಬಿಯಲ್ಲಿ ಕುಳಿತಲ್ಲೇ ಕುಳಿತು, ಎಲೆಯ ಪುಡಿ ತಳಕ್ಕೆ ಇಳಿದು ಅಕ್ಕಿಯ ಅರಳು ಮೇಲೆ ಬಂದಿರುತ್ತದೆ. ಹಾಗೇ ಮೇಲಿನಿಂದ ತೆಗೆದರೆ ಮೊದಲ ವಾರ ಬರೀ ಅಕ್ಕಿ ನೀರು, ಕೊನೆಯ ವಾರ ಬರೀ ಕಹಿ ಪುಡಿ. ಬಾಯಿ ಮುಚ್ಚಿ, ಅಡ್ಡಲಾಗಿ ಹಿಡಿದು ನಿಧಾನವಾಗಿ ಉರುಳಿಸಿ. ಮೇಲೆ ಕೆಳಗೆ ಕುಲುಕಿದರೆ ಮತ್ತೆ ಬೇರೆಯಾಗುತ್ತದೆ.

2. ತೂಗಿ. 200 ಮಿಲಿಲೀಟರ್ ನೀರಿಗೆ 5 ಗ್ರಾಂ. ಜಪಾನಿನ ಆಹಾರ ಸಂಯೋಜನೆಯ ಅಧಿಕೃತ ಕೋಷ್ಟಕ ತಯಾರಿಸುವಾಗ ಗೆನ್‌ಮೈಚಾಕ್ಕೆ ಬಳಸಿದ ಅಳತೆಯೂ ಹೆಚ್ಚುಕಡಿಮೆ ಇದೇ: 650 ಮಿಲಿಲೀಟರಿಗೆ 15 ಗ್ರಾಂ, 90 ಡಿಗ್ರಿ, ಅರ್ಧ ನಿಮಿಷ. ಆ 650 ಮಿಲಿಲೀಟರ್ ಐದು ಜನಕ್ಕೆ ತಲಾ ಒಂದು ಸಣ್ಣ ಬಟ್ಟಲು ಆಗುತ್ತದೆ.

ಸಪ್ಪೆ ಎಂಬ ದೂರಿನ ಮೂಲ ಬಹುಪಾಲು ಇಲ್ಲಿಯೇ ಇದೆ. ಉಳಿದ ಹಸಿರು ಚಹಾದ ಅಂದಾಜಿನಲ್ಲಿ ಒಂದು ಲೋಟಕ್ಕೆ 2 ಗ್ರಾಂ ಹಾಕಿದರೆ, ಅದರಲ್ಲಿ ಅರ್ಧ ಅಕ್ಕಿ, ಎಲೆ ಉಳಿಯುವುದು 1 ಗ್ರಾಂ. ಅದನ್ನು ಸರಿದೂಗಿಸಲು ಐದು ನಿಮಿಷ ನೆನೆಸುತ್ತಾರೆ, ಆಗ ಒಗರು ಇಳಿಯುತ್ತದೆ. ಎಲೆ ಕಡಿಮೆ ಹಾಕಿ ಹೊತ್ತು ಹೆಚ್ಚಿಸುವುದು ಈ ಚಹಾದಲ್ಲಿ ನಡೆಯುವುದಿಲ್ಲ. ಚಮಚದ ಅಳತೆಯೇ ಅನುಕೂಲ ಎನ್ನುವವರು ಒಮ್ಮೆ ನಿಮ್ಮ ಚಮಚದಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ತೂಗಿ ಬರೆದಿಟ್ಟುಕೊಳ್ಳಿ. ಪೊಟ್ಟಣ ಬದಲಾದರೆ ಮತ್ತೆ ತೂಗಿ.

3. ಪಾತ್ರೆಯನ್ನು ಬಿಸಿ ಮಾಡಿ. ಬಿಸಿನೀರು ಹಾಕಿ, ಒಮ್ಮೆ ಸುತ್ತಿಸಿ ಚೆಲ್ಲಿ. ಆಮೇಲೆ ಎಲೆ ಹಾಕಿ ಮುಚ್ಚಳ ಮುಚ್ಚಿ. ತಣ್ಣನೆಯ ಮಣ್ಣಿನ ಪಾತ್ರೆ ನೀರಿನ ಬಿಸಿಯನ್ನು ಎಳೆದುಕೊಂಡರೆ 95 ಡಿಗ್ರಿ ಕಾಯಿಸಿದ್ದು ದಂಡ. ಹತ್ತು ಸೆಕೆಂಡ್ ಬಿಟ್ಟು ಮುಚ್ಚಳ ತೆಗೆದು ಮೂಸಿ ನೋಡಿ. ಬೆಚ್ಚಗಾದ ಒಣ ಎಲೆಯಿಂದ ಏಳುವ ವಾಸನೆಯೇ ಬಟ್ಟಲಿನಲ್ಲಿ ಏನು ಬರಲಿದೆ ಎಂದು ತಿಳಿಸಿಬಿಡುತ್ತದೆ. ಇಲ್ಲಿ ಘಮವಿಲ್ಲದಿದ್ದರೆ ಮುಂದೆಯೂ ಇರುವುದಿಲ್ಲ.

## ಹಂತ 4: ನೀರು ಹಾಕಿ, ಕಾಯಿರಿ, ಮುಟ್ಟಬೇಡಿ

ನೀರನ್ನು ಎಲೆಯ ಮೇಲೆ ಸುತ್ತಲೂ ಒಂದೇ ಧಾರೆಯಲ್ಲಿ ಹಾಕಿ. ಒಣ ಅಕ್ಕಿ ಮೇಲೆ ತೇಲುವುದರಿಂದ ಧಾರೆ ಅದರ ಮೇಲೆ ಬೀಳಬೇಕು. ಬದಿಯಿಂದ ಇಳಿಬಿಟ್ಟರೆ ಅಕ್ಕಿ ಒದ್ದೆಯಾಗಲು ತಡವಾಗುತ್ತದೆ. ಮುಚ್ಚಳ ಮುಚ್ಚಿ, ಸಮಯ ಎಣಿಸಿ.

ಬಾಂಚಾ ಬಗೆಗೆ 30 ಸೆಕೆಂಡ್. ಸೆಂಚಾ ಬಗೆಗೆ ನೀರು ತಣಿದಿರುವುದರಿಂದ 45 ಸೆಕೆಂಡ್. ಮಾಚಾ ಬೆರೆತದ್ದಕ್ಕೆ 30.

ಮೂವತ್ತು ಸೆಕೆಂಡ್ ಎಂದರೆ ನಮ್ಮವರಿಗೆ ನಂಬಿಕೆ ಬರುವುದಿಲ್ಲ. ‘ಇನ್ನೂ ಬಣ್ಣ ಬಂದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಈ ಚಹಾದ ಬಣ್ಣ ತಿಳಿ ಹಳದಿ, ಒಂದಿಷ್ಟು ಹಸಿರು ಛಾಯೆ. ಅದಕ್ಕಿಂತ ಗಾಢವಾದ ಬಣ್ಣ ಬರುವವರೆಗೆ ಕಾದರೆ ಹದ ದಾಟಿತೆಂದೇ ತಿಳಿಯಿರಿ. ಬಣ್ಣ ನೋಡಿ ತೀರ್ಮಾನಿಸಬೇಡಿ, ಗಡಿಯಾರ ನೋಡಿ ತೀರ್ಮಾನಿಸಿ.

ಈ ಅವಧಿಯಲ್ಲಿ ಚಮಚದಿಂದ ಕದಡಬಾರದು, ಪಾತ್ರೆ ಕುಲುಕಬಾರದು, ಎಲೆಯನ್ನು ಒತ್ತಿ ಹಿಂಡಬಾರದು. ಕದಡಿದಷ್ಟೂ ಎಲೆ ಚೂರಾಗಿ ಒಗರು ಬಿಡುತ್ತದೆ. ಅಕ್ಕಿಯ ಪಿಷ್ಟವೂ ಕದಡಿ ಚಹಾ ಮಬ್ಬಾಗುತ್ತದೆ. ಮಾಚಾ ಬೆರೆತ ಬಗೆಗೆ ಮಾತ್ರ ವಿನಾಯಿತಿ: ಪುಡಿ ತಳದಲ್ಲಿ ಗಡ್ಡೆ ಕಟ್ಟದಂತೆ, ಬಸಿಯುವ ಮುನ್ನ ಪಾತ್ರೆಯನ್ನು ಒಮ್ಮೆ ಮೆಲ್ಲಗೆ ಸುತ್ತಿಸಿ.

ಒಲೆಯ ಮೇಲಿಟ್ಟು ಕುದಿಸುವುದಂತೂ ಬೇಡವೇ ಬೇಡ.

## ಹಂತ 5: ಬಸಿಯುವುದು

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ನೀರೂ ಸರಿ, ಅಳತೆಯೂ ಸರಿ, ಸಮಯವೂ ಸರಿ. ಆದರೂ ಎರಡನೇ ಬಟ್ಟಲು ಬಾಯಿಗಿಡಲಾಗದಷ್ಟು ಕಹಿ. ಕಾರಣ, ಮೊದಲ ಬಟ್ಟಲಿಗೆ ಬೇಕಾದಷ್ಟು ಬಸಿದು ಉಳಿದದ್ದನ್ನು ಎಲೆಯ ಜೊತೆಯಲ್ಲೇ ಬಿಟ್ಟಿರುತ್ತಾರೆ. ಆ ನೀರು ಎಲೆಯಿಂದ ಒಗರನ್ನು ಎಳೆಯುತ್ತಲೇ ಇರುತ್ತದೆ. ಮೂವತ್ತು ಸೆಕೆಂಡಿನ ಲೆಕ್ಕ ಅಲ್ಲಿಗೆ ಮುಗಿದುಹೋಯಿತು.

ಹಾಕಿದ ನೀರಷ್ಟನ್ನೂ ಒಂದೇ ಸಲಕ್ಕೆ ಖಾಲಿ ಮಾಡಬೇಕು. ಕುಡಿಯುವವರು ಒಬ್ಬರೇ ಆದರೆ ಒಂದೇ ಬಟ್ಟಲಿಗೆ ಆಗುವಷ್ಟು ನೀರು ಹಾಕಿ.

ಮೂವರಿದ್ದರೆ ಬಟ್ಟಲುಗಳನ್ನು ಸಾಲಾಗಿ ಇಟ್ಟು ಹೀಗೆ ಬಸಿಯಿರಿ. ಮೊದಲನೆಯದಕ್ಕೆ ಸ್ವಲ್ಪ, ಎರಡನೆಯದಕ್ಕೆ ಸ್ವಲ್ಪ, ಮೂರನೆಯದಕ್ಕೆ ಸ್ವಲ್ಪ. ಆಮೇಲೆ ಹಿಂದಕ್ಕೆ: ಮೂರನೆಯದು, ಎರಡನೆಯದು, ಮೊದಲನೆಯದು. ಪಾತ್ರೆಯಿಂದ ಮೊದಲು ಬರುವುದು ತೆಳು, ಕೊನೆಗೆ ಬರುವುದು ದಪ್ಪ. ಹೀಗೆ ಹೋಗಿ ಬಂದರೆ ಮೂವರಿಗೂ ಒಂದೇ ರುಚಿ ಸಿಗುತ್ತದೆ. ಒಬ್ಬರದನ್ನು ಪೂರ್ತಿ ತುಂಬಿಸಿ ಇನ್ನೊಬ್ಬರದಕ್ಕೆ ಹೋದರೆ ಮೊದಲಿನವರಿಗೆ ಸಪ್ಪೆ, ಕೊನೆಯವರಿಗೆ ಕಹಿ. ಒಂದೇ ಮನೆಯಲ್ಲಿ ಒಂದೇ ಚಹಾ ಕುಡಿದು ಇಬ್ಬರು ಎರಡು ದೂರು ಹೇಳುವುದು ಹೀಗೆ.

ಧಾರೆ ನಿಂತಿತೆಂದು ಪಾತ್ರೆ ಕೆಳಗಿಡಬೇಡಿ. ಅನ್ನ ಬಸಿಯುವಾಗ ಕೊನೆಯ ಗಂಜಿ ಇಳಿಯುವವರೆಗೆ ತಪ್ಪಲೆಯನ್ನು ಓರೆಯಾಗಿ ಇಟ್ಟಿರುವ ಹಾಗೆಯೇ ಇಲ್ಲಿಯೂ. ನೆಂದ ಅಕ್ಕಿ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೂತಿಯನ್ನು ಪೂರ್ತಿ ಕೆಳಮುಖವಾಗಿಸಿ, ಎರಡು ಮೂರು ಸಲ ಸಣ್ಣದಾಗಿ ಜಾಡಿಸಿ. ಕೊನೆಯಲ್ಲಿ ಬೀಳುವ ಐದಾರು ಹನಿಗಳ ಬಣ್ಣ ನೋಡಿ, ಬಟ್ಟಲಿನಲ್ಲಿರುವ ಚಹಾಕ್ಕಿಂತ ಸ್ಪಷ್ಟವಾಗಿ ಗಾಢವಾಗಿರುತ್ತದೆ. ರುಚಿಯ ಗಟ್ಟಿತನ ಅದರಲ್ಲಿದೆ. ಅದು ಬಟ್ಟಲಿಗೆ ಬಿದ್ದರೆ ಸೊಗಸು, ಪಾತ್ರೆಯಲ್ಲಿ ಉಳಿದರೆ ಮುಂದಿನ ಸುತ್ತಿಗೆ ಕಹಿ.

ಬಸಿದ ಮೇಲೆ ಮುಚ್ಚಳವನ್ನು ಸ್ವಲ್ಪ ಸರಿಸಿ ಇಡಿ. ಮುಚ್ಚಿಯೇ ಬಿಟ್ಟರೆ ಒಳಗಿನ ಹಬೆಗೆ ಎಲೆ ಬೇಯುತ್ತದೆ, ಹಸಿರು ಕಂದಾಗುತ್ತದೆ.

## ಹಂತ 6: ಎರಡನೇ ಸುತ್ತು

ಅದೇ ಎಲೆಗೆ ಇನ್ನೊಮ್ಮೆ ನೀರು ಹಾಕಬಹುದು. ಎಲೆ ಈಗಾಗಲೇ ಬಿಚ್ಚಿಕೊಂಡಿರುವುದರಿಂದ ನೆನೆಯುವ ಹೊತ್ತು ಇನ್ನೂ ಕಡಿಮೆ: 10ರಿಂದ 15 ಸೆಕೆಂಡ್, ನೀರು ಮೊದಲಿಗಿಂತ ಬಿಸಿ. ಅಕ್ಕಿಯ ಘಮದ ಬಹುಪಾಲು ಮೊದಲ ಸುತ್ತಿನಲ್ಲೇ ಹೋಗಿರುತ್ತದೆ, ಇಲ್ಲಿ ಸಿಗುವುದು ಹೆಚ್ಚಾಗಿ ಎಲೆಯ ರುಚಿ. ಎರಡನೇ ಸುತ್ತಿನಲ್ಲೂ ಅಕ್ಕಿ ಬೇಕೆನ್ನುವವರು ಹುರಿದ ಅಕ್ಕಿಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡು ಅರ್ಧ ಚಮಚ ಸೇರಿಸಿಕೊಳ್ಳಿ. ಮೂರನೆಯದು ನನ್ನ ಮಟ್ಟಿಗೆ ಶ್ರಮಕ್ಕೆ ತಕ್ಕದ್ದಲ್ಲ.

ಎಚ್ಚರಿಕೆ: ಬೆಳಗಿನ ಒದ್ದೆ ಎಲೆಗೆ ಸಂಜೆ ನೀರು ಹಾಕಬೇಡಿ. ಬರೀ ಎಲೆಯಾದರೂ ಬೇಡ, ಇದರಲ್ಲಿ ನೆಂದ ಅಕ್ಕಿ ಬೇರೆ ಇದೆ. ನಮ್ಮ ಸೆಕೆಗೆ ಅದು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ ಕೂಡಲೇ ಗಿಡದ ಬುಡಕ್ಕೆ ಹಾಕಿ ಪಾತ್ರೆಯನ್ನು ಕುದಿ ನೀರಿನಿಂದ ತೊಳೆಯಿರಿ.

## ಹಂತ 7: ಕುಡಿಯುವುದು

ಬಸಿದ ಐದು ಹತ್ತು ನಿಮಿಷಗಳೊಳಗೆ ಕುಡಿಯಿರಿ. ಹುರಿದ ಅಕ್ಕಿಯ ಘಮ ಹಬೆಯ ಜೊತೆ ಹಾರಿಹೋಗುವಂಥದ್ದು. ಫ್ಲಾಸ್ಕಿನಲ್ಲಿ ತುಂಬಿಸಿಟ್ಟರೆ ಬಣ್ಣ ಕಂದಾಗಿ ರುಚಿ ಚಪ್ಪಟೆಯಾಗುತ್ತದೆ. ಕಚೇರಿಗೆ ಒಯ್ಯಬೇಕಾದರೆ ಒಣ ಚಹಾವನ್ನು ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ಕಚೇರಿಯ ಯಂತ್ರದಿಂದ ಬರುವ ನೀರು ಕುದಿಯುವಷ್ಟು ಬಿಸಿ ಇರುವುದಿಲ್ಲವಾದ್ದರಿಂದ ಒಂದು ನಿಮಿಷ ನೆನೆಸಿ.

ಹಾಲು ಹಾಕಬೇಡಿ, ಘಮವೆಲ್ಲ ಅದರಲ್ಲಿ ಮುಳುಗುತ್ತದೆ. ಸಕ್ಕರೆ, ನಿಂಬೆ, ಜೇನುತುಪ್ಪಗಳೂ ಬೇಡ. ಸಿಹಿ ಬೇಕೆನಿಸಿದರೆ ಸಿಹಿ ತಿಂಡಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಜಪಾನಿಗಳು ಉಪ್ಪಿನ ಅಕ್ಕಿ ಬಿಸ್ಕತ್ತಾದ ಸೆಂಬೆಯೊಂದಿಗೆ, ಊಟದೊಂದಿಗೆ ಇದನ್ನು ಕುಡಿಯುತ್ತಾರೆ. ಅನ್ನದ ಮೇಲೆ ಬಿಸಿ ಚಹಾ ಸುರಿದು ತಿನ್ನುವ ಒಚಾಜುಕೆಗೂ ಇದು ಹೊಂದುತ್ತದೆ: ಒಂದು ಬಟ್ಟಲು ಬಿಸಿ ಅನ್ನ, ಅದರ ಮೇಲೆ ಉಪ್ಪಿನಲ್ಲಿ ಹಾಕಿದ ಉಮೆಬೊಶಿ ಹಣ್ಣು ಅಥವಾ ಉಪ್ಪು ಮೀನಿನ ಚೂರು, ಹುರಿದ ಎಳ್ಳು, ನೋರಿ ಪಾಚಿಯ ಎಳೆಗಳು, ಅನ್ನ ಅರ್ಧ ಮುಳುಗುವಷ್ಟು ಹೊಸದಾಗಿ ಬಸಿದ ಗೆನ್‌ಮೈಚಾ. ಕಲಸದೆ, ಮೇಲಿನದು ಮೆತ್ತಗಾಗುವ ಮೊದಲು ತಿನ್ನಬೇಕು.

ಕೆಫೀನ್ ಬಗ್ಗೆ ಕೇಳುವವರಿಗೆ: ಹಿಂದೆ ಹೇಳಿದ ಕೋಷ್ಟಕದ ಪ್ರಕಾರ ಬಸಿದ 100 ಗ್ರಾಂ ಗೆನ್‌ಮೈಚಾದಲ್ಲಿ ಸುಮಾರು 10 ಮಿಲಿಗ್ರಾಂ, ಸೆಂಚಾದಲ್ಲಿ 20, ಕಾಫಿಯಲ್ಲಿ 60. ಕಡಿಮೆ ನಿಜ, ಆದರೆ ಇಲ್ಲವೆಂದಲ್ಲ. ಚಹಾದ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ರಕ್ತಹೀನತೆ ಇರುವವರು, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಊಟ ಮತ್ತು ಮಾತ್ರೆಯಿಂದ ಕನಿಷ್ಠ ಒಂದು ಗಂಟೆ ದೂರವಿಟ್ಟು ಕುಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವರು ಮಾಚಾ ಬೆರೆತ ಬಗೆಯನ್ನು ವೈದ್ಯರನ್ನು ಕೇಳದೆ ಶುರು ಮಾಡಬೇಡಿ, ಪುಡಿಯಾದ ಎಲೆಯಲ್ಲಿ ವಿಟಮಿನ್ ಕೆ ಇರುತ್ತದೆ.

## ಬೇಸಿಗೆಗೆ: ತಣ್ಣನೆಯ ಗೆನ್‌ಮೈಚಾ

ಒಂದು ಲೀಟರ್ ಕುಡಿಯುವ ನೀರಿಗೆ 15 ಗ್ರಾಂ ಹಾಕಿ ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ಇಟ್ಟು ಸೋಸಿ. ಕಹಿ ಇಳಿಯುವುದೇ ಇಲ್ಲವೆನ್ನಬಹುದು, ಆದರೆ ಅಕ್ಕಿಯೂ ಹಿಂಜರಿಯುತ್ತದೆ. ಅದಕ್ಕೊಂದು ಉಪಾಯವಿದೆ. ಎಲೆ ಮುಳುಗುವಷ್ಟು ಮಾತ್ರ ಕುದಿ ನೀರು ಹಾಕಿ, ಇಪ್ಪತ್ತು ಸೆಕೆಂಡ್ ಆದ ಕೂಡಲೇ ಉಳಿದ ತಣ್ಣೀರು ಸುರಿಯಿರಿ. ಘಮ ಏಳುತ್ತದೆ, ಒಗರು ಏಳುವಷ್ಟರಲ್ಲಿ ತಣ್ಣಗಾಗಿರುತ್ತದೆ. ಸೋಸಿದ ಮೇಲೆ ಫ್ರಿಜ್‌ನಲ್ಲೇ ಇಟ್ಟು ಅದೇ ದಿನ ಮುಗಿಸಿ.

## ಮನೆಯಲ್ಲೇ ಬೆರೆಸುವುದು

ಜಪಾನಿನ ಪೊಟ್ಟಣ ಇಲ್ಲಿ ದುಬಾರಿ. ಒಳ್ಳೆಯ ಎಲೆ ಕೈಯಲ್ಲಿದ್ದರೆ ಅಕ್ಕಿಯನ್ನು ಮನೆಯಲ್ಲೇ ಹುರಿದುಕೊಳ್ಳಬಹುದು. ಯಾವ ಸುವಾಸನೆಯನ್ನೂ ಸೇರಿಸದ, ಬಿಡಿ ಎಲೆಯ ಹಸಿರು ಚಹಾ ತೆಗೆದುಕೊಳ್ಳಿ. ನೀಲಗಿರಿಯದೋ ಅಸ್ಸಾಮಿನದೋ ಆದರೂ ನಡೆಯುತ್ತದೆ, ಜಪಾನಿ ಎಲೆಯ ರುಚಿಯೇ ಬರುವುದಿಲ್ಲ ಎಂಬುದು ನೆನಪಿರಲಿ. ದಾರ ಕಟ್ಟಿದ ಚೀಲದೊಳಗಿನ ಪುಡಿ ಬೇಡ.

ಅಕ್ಕಿ ಯಾವುದು? ಜಪಾನಿನಲ್ಲಿ ಅಕ್ಕಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಹುರಿಯುತ್ತಾರೆ. ನಮ್ಮ ಕರಾವಳಿಯ ಕುಚ್ಚಲಕ್ಕಿ ನೆನೆದು, ಬೆಂದು, ಒಣಗಿ ಬಂದಿರುವಂಥದ್ದೇ. ಭತ್ತವಾಗಿದ್ದಾಗಲೇ ಆ ಕೆಲಸ ಆಗಿರುತ್ತದೆ ಅಷ್ಟೆ. ಹಾಗಾಗಿ ಅದನ್ನು ನೇರವಾಗಿ ಬಾಣಲೆಗೆ ಹಾಕಬಹುದು. ಕೆಲವು ಕುಚ್ಚಲಕ್ಕಿಯಲ್ಲಿ ನೆನೆಸಿದ ನೀರಿನ ಗಾಢ ವಾಸನೆ ಉಳಿದಿರುತ್ತದೆ, ಅಂಥದ್ದು ಚಹಾದಲ್ಲಿಯೂ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಮೂಸಿ ನೋಡಿ ಆರಿಸಿ.

1. ದಪ್ಪ ತಳದ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, 100 ಗ್ರಾಂ ಅಕ್ಕಿ ಹಾಕಿ. ಎಣ್ಣೆ, ತುಪ್ಪ ಒಂದು ಹನಿಯೂ ಬೇಡ. ಮೊದಲೇ ಬಾಣಲೆಯನ್ನು ಸೋಪಿನಿಂದ ತೊಳೆದು ಒಣಗಿಸಿ; ಒಗ್ಗರಣೆಯ ಜಿಡ್ಡು ಉಳಿದಿದ್ದರೆ ಬಟ್ಟಲಿನಲ್ಲಿ ಎಣ್ಣೆಯ ಕಣ್ಣುಗಳು ತೇಲುತ್ತವೆ.

2. ಕೈ ಬಿಡದೆ ಆಡಿಸುತ್ತಿರಿ. ಮೊದಲು ಕಾಳಿನ ಪಾರದರ್ಶಕತೆ ಹೋಗಿ ಬೆಳ್ಳಗಾಗುತ್ತದೆ, ಹಸಿ ಹಿಟ್ಟಿನ ವಾಸನೆ ಬರುತ್ತದೆ. ನಂತರ ಹೊಂಬಣ್ಣ, ಅಲ್ಲೊಂದು ಇಲ್ಲೊಂದು ಕಾಳು ಚಟಪಟ ಎನ್ನುತ್ತದೆ. ಹಸಿ ವಾಸನೆ ಹೋಗಿ ಹುರಿದ ಘಮ ಏಳುವುದು ಇದರ ಮುಂದಿನ ಹಂತದಲ್ಲಿ.

3. ತಿಳಿ ಕಂದು ಬಂದ ಕೂಡಲೇ, ಇನ್ನೊಂದಿಷ್ಟು ಹುರಿಯಬಹುದಿತ್ತು ಎನಿಸುವಾಗಲೇ ಇಳಿಸಿ ಅಗಲ ತಟ್ಟೆಗೆ ಹರಡಿ. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಹುರಿಯುತ್ತಲೇ ಹೋಗುತ್ತದೆ. ಒಟ್ಟು ಹತ್ತು ಹದಿನೈದು ನಿಮಿಷದ ಕೆಲಸ. ಉರಿ ಜೋರು ಮಾಡಿ ಐದೇ ನಿಮಿಷದಲ್ಲಿ ಮುಗಿಸಿದರೆ ಹೊರಗೆ ಕಪ್ಪು, ಒಳಗೆ ಹಸಿ.

4. ಒಂದು ಕಾಳನ್ನು ಮುರಿದು ನೋಡಿ. ಒಳಭಾಗವೂ ಬಣ್ಣ ತಿರುಗಿರಬೇಕು, ಬೆರಳಲ್ಲಿ ಒತ್ತಿದರೆ ಗರಿಯಾಗಿ ಮುರಿಯಬೇಕು.

5. ಪೂರ್ತಿ ಆರಿದ ಮೇಲೆ ಮಾತ್ರ ಎಲೆಯೊಂದಿಗೆ ಸಮತೂಕದಲ್ಲಿ ಬೆರೆಸಿ. ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿದರೆ ಒಳಗೆ ತೇವ ಕಟ್ಟಿ ಎಲೆ ಮುಗ್ಗಲು ಹಿಡಿಯುತ್ತದೆ.

ಹುರಿಯುವ ತೊಂದರೆ ಬೇಡವೆಂದು ಅಂಗಡಿಯ ಮಂಡಕ್ಕಿ ಬೆರೆಸುವವರಿದ್ದಾರೆ. ಅದರಲ್ಲಿ ಉಪ್ಪಿರುತ್ತದೆ, ಹುರಿದ ಕಂದು ಬಣ್ಣ ಇರುವುದಿಲ್ಲ, ನೀರು ತಾಗಿದ ಕೂಡಲೇ ಮುದ್ದೆಯಾಗಿ ಸೋಸುಕ ಕಟ್ಟಿಕೊಳ್ಳುತ್ತದೆ.

## ಇಡುವುದು ಹೇಗೆ

ಗಾಳಿ, ತೇವ, ಬೆಳಕು, ಬಿಸಿ, ಪಕ್ಕದ ಡಬ್ಬಿಯ ವಾಸನೆ: ಈ ಐದೂ ಇದಕ್ಕೆ ಆಗದವು. ಗಾಜಿನ ಡಬ್ಬಿಯಲ್ಲಿ ಚೆಂದಕ್ಕೆ ಕಿಟಕಿಯ ಬಳಿ ಇಡಬೇಡಿ. ಒಲೆಯ ಮೇಲಿನ ಕಪಾಟು, ಸಾಂಬಾರು ಪುಡಿಯ ನೆರೆಹೊರೆ ಎರಡೂ ಬೇಡ. ಬಿಗಿ ಮುಚ್ಚಳದ ತವರದ ಡಬ್ಬಿ ಒಳ್ಳೆಯದು. ತೆರೆದ ಪೊಟ್ಟಣವನ್ನು ಒಂದೆರಡು ತಿಂಗಳೊಳಗೆ ಮುಗಿಸಿ, ಮಾಚಾ ಬೆರೆತದ್ದನ್ನು ಇನ್ನೂ ಬೇಗ. ಮನೆಯಲ್ಲಿ ಹುರಿದು ಬೆರೆಸಿದ್ದನ್ನು ಎರಡು ಮೂರು ವಾರಕ್ಕೆ ಆಗುವಷ್ಟೇ ಮಾಡಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರು ದಿನಬಳಕೆಗೆ ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಪದೇಪದೇ ತೆರೆಯದಿರಿ.

ತೆರೆಯದ ಪೊಟ್ಟಣ ಮಾತ್ರ ಫ್ರಿಜ್‌ಗೆ. ಹೊರಗೆ ತೆಗೆದ ಕೂಡಲೇ ಕತ್ತರಿಸಿದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಇಳಿಯುತ್ತದೆ. ಅರ್ಧ ದಿನ ಹೊರಗಿಟ್ಟು ಆಮೇಲೆ ತೆರೆಯಿರಿ.

## ರುಚಿ ಕೆಟ್ಟಾಗ ಎಲ್ಲಿ ನೋಡಬೇಕು

ಒಗರು, ಗಂಟಲು ಹಿಡಿಯುತ್ತದೆ: ಸಮಯ ಹೆಚ್ಚಾಗಿದೆ ಅಥವಾ ನೀರು ಉಳಿಸಿ ಬಸಿದಿದ್ದೀರಿ. ಎರಡೂ ಸರಿಯಿದ್ದರೆ ನಿಮ್ಮದು ಸೆಂಚಾ ಬಗೆ, ನೀರನ್ನು ಒಂದು ಬಟ್ಟಲಿಗೆ ಸುರಿದು ಆರಿಸಿಕೊಂಡು ಹಾಕಿ.

ಸಪ್ಪೆ: ಮೊದಲು ತೂಕ ಹೆಚ್ಚಿಸಿ, 5 ಗ್ರಾಂ ಇದ್ದದ್ದನ್ನು 6 ಮಾಡಿ. ಆಮೇಲೆ ನೀರಿನ ಬಿಸಿ ನೋಡಿ. ಸಮಯ ಹೆಚ್ಚಿಸುವುದು ಕೊನೆಯ ದಾರಿ, ಅದೂ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ.

ಮಬ್ಬು, ಲೋಳೆ ಲೋಳೆ: ಕದಡಿದ್ದೀರಿ, ಅಥವಾ ಅಕ್ಕಿ ಸರಿಯಾಗಿ ಹುರಿದಿಲ್ಲ. ಮಾಚಾ ಬೆರೆತದ್ದು ಮಬ್ಬಾಗಿರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ.

ಸೀದ ವಾಸನೆ: ಕಪ್ಪು ಕಾಳುಗಳಿವೆ. ತಟ್ಟೆಯ ಮೇಲೆ ಹರಡಿ ಆರಿಸಿ ತೆಗೆಯಿರಿ. ಒಂದು ಚಮಚದಲ್ಲಿ ನಾಲ್ಕು ಕಾಳು ಸಾಕು ಇಡೀ ಪಾತ್ರೆ ಕೆಡಿಸಲು.

ಕಂದು ಬಣ್ಣ, ಮಂಕು ರುಚಿ: ನೀರು ಗಡಸು, ಇಲ್ಲವೇ ಎಲೆ ಹಳತು. ಶುದ್ಧೀಕರಣ ಯಂತ್ರದ ನೀರಿನಲ್ಲಿ ಮಾಡಿಯೂ ಹಾಗೇ ಇದ್ದರೆ ಎಲೆಯದೇ ತಪ್ಪು. ಕಮಟು ವಾಸನೆ ಇಲ್ಲದಿದ್ದರೆ ಆ ಪೊಟ್ಟಣವನ್ನು ಎಸೆಯಬೇಡಿ. ಒಣ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಎಲೆ ಕಂದು ತಿರುಗುವವರೆಗೆ ಹುರಿದು, ಹೊಗೆ ಬರುವುದಕ್ಕೆ ಮುಂಚೆ ಇಳಿಸಿ. ಹಳೆಯ ಹಸಿರು ಚಹಾವನ್ನು ಜಪಾನಿನ ಮನೆಗಳಲ್ಲಿ ಹೀಗೆಯೇ ಹುರಿದು ಹೋಜಿಚಾ ಮಾಡಿಕೊಳ್ಳುತ್ತಾರೆ. ಇದಕ್ಕೆ ಕುದಿ ನೀರು, ಮೂವತ್ತು ಸೆಕೆಂಡ್; ಒಗರಿನ ಭಯ ಬಹುಮಟ್ಟಿಗೆ ಇಲ್ಲ.